‘ಹಿಡಿತ (3)’ ಎಂದರೆ ಯಾವ ಪದ? ಪದಬಂಧದಲ್ಲಿ ಅಂಕೆ, ಅಂಕುಶ, ಸಂಯಮದ ಸುಳಿವುಗಳು

ಪ್ರಶ್ನೆ: ಪದಬಂಧ ಬಿಡಿಸುವಾಗ ಊರು, ನದಿ, ಪುರಾಣದ ಹೆಸರುಗಳು ಸಲೀಸಾಗಿ ಹೊಳೆಯುತ್ತವೆ. ‘ಹಿಡಿತ’, ‘ನಿಯಂತ್ರಣ’, ‘ತಡೆ’, ‘ಅಂಕೆಯಲ್ಲಿಡು’ ಎಂಬಂಥ ಸುಳಿವು ಬಂದರೆ ಮಾತ್ರ ಕೈ ನಿಂತುಬಿಡುತ್ತದೆ. ಮೊನ್ನೆ ‘ಹಿಡಿತ (3)’ ಎಂದಿತ್ತು. ಹತೋಟಿ ಎಂದು ಬರೆದೆ, ಉತ್ತರ ಲಗಾಮು ಆಗಿತ್ತು. ಇಷ್ಟೊಂದು ಸಮಾನಾರ್ಥಕ ಪದಗಳಲ್ಲಿ ಸರಿಯಾದದ್ದನ್ನು ಆರಿಸಲು ಏನಾದರೂ ಕ್ರಮ ಇದೆಯೇ? ಇದೇ ಅರ್ಥದ ಒಗಟಿನಂಥ ಸುಳಿವುಗಳನ್ನು ಬಿಡಿಸುವುದು ಹೇಗೆ?

ಉತ್ತರ: ‘ಹಿಡಿತ (3)’ಕ್ಕೆ ಹತೋಟಿ, ಲಗಾಮು, ಅಂಕುಶ, ಸಂಯಮ, ನಿಗ್ರಹ, ಬಂಧನ, ಅಧೀನ ಎಲ್ಲವೂ ಒಪ್ಪುತ್ತವೆ, ಎಲ್ಲವೂ ಮೂರಕ್ಷರದವೇ. ಬರೀ ಆ ಸುಳಿವನ್ನು ನೋಡಿ ಸರಿಯುತ್ತರ ಹೇಳಲು ಯಾರಿಂದಲೂ ಆಗದು. ನಿಮಗೆ ಪದ ಗೊತ್ತಿಲ್ಲದೆ ತಪ್ಪಾಗಿದ್ದಲ್ಲ, ತುಂಬುವ ಹೊತ್ತಿಗೆ ಮುಂಚೆ ತುಂಬಿದಿರಿ, ಅಷ್ಟೆ.

ಈ ಏಳು ಪದಗಳ ನಡುವಿನ ಅಕ್ಷರವನ್ನಷ್ಟೇ ಸಾಲಾಗಿ ನೋಡಿ: ತೋ, ಗಾ, ಕು, ಯ, ಗ್ರ, ಧ, ಧೀ. ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಮೂರು ಮನೆಯ ಇಂಥ ಸುಳಿವು ಬಂದಾಗ ಮೊದಲು ಬಿಡಿಸಬೇಕಾದದ್ದು ನಡುಮನೆಯನ್ನು ಹಾದುಹೋಗುವ ಅಡ್ಡಪದ, ಅಂದರೆ ಆ ಮನೆಯನ್ನು ಹಂಚಿಕೊಳ್ಳುವ ಇನ್ನೊಂದು ಪದ. ಅದು ಸಿಕ್ಕಿದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಮೊದಲ ಮನೆಯನ್ನು ನಂಬಿ ಕೂರುವುದು ಅಷ್ಟು ಫಲ ಕೊಡುವುದಿಲ್ಲ. ಅಲ್ಲಿ ‘ನಿ’ ಬಂದಿದೆ ಎನ್ನಿ: ನಿಗ್ರಹ, ನಿಯಮ, ನಿರೋಧ, ನಿಷೇಧ, ನಿರ್ಬಂಧ ಐದೂ ಉಳಿದುಕೊಳ್ಳುತ್ತವೆ. ಕೊನೆಯ ಮನೆಯಲ್ಲಿ ‘ಧ’ ಬಂದರೂ ಆ ಐದರಲ್ಲಿ ಮೂರು ಹಾಗೆಯೇ ನಿಂತಿರುತ್ತವೆ. ನಡುಮನೆ ಮಾತ್ರ ಗ್ರ, ಯ, ರೋ, ಷೇ, ರ್ಬಂ ಎಂದು ಐದನ್ನೂ ಐದು ದಾರಿಗೆ ಕಳಿಸಿಬಿಡುತ್ತದೆ.

ಇದು ಕೆಲಸ ಮಾಡುವುದು ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಇಡೀ ಒಂದು ಅಕ್ಷರ ಕೂರುವುದರಿಂದ. ಗುಣಿತ, ಒತ್ತು, ಸೊನ್ನೆ, ಅರ್ಕಾವತ್ತು ಯಾವುದಕ್ಕೂ ಬೇರೆ ಮನೆ ಇಲ್ಲ. ನಿಯಂತ್ರಣ ಎಂದರೆ ನಿ-ಯಂ-ತ್ರ-ಣ, ನಾಲ್ಕು. ನಿರ್ಬಂಧ ಎಂದರೆ ನಿ-ರ್ಬಂ-ಧ, ಮೂರು. ಉಚ್ಚಾರಣೆಯಲ್ಲಿ ‘ನಿರ್’ ಒಂದು ತುಂಡಾಗಿ ಕೇಳುವುದರಿಂದ ಹೊಸಬರು ಇದನ್ನು ನಾಲ್ಕೆಂದು ಎಣಿಸಿ ಪಟ್ಟಿಯಿಂದಲೇ ಕೈಬಿಡುತ್ತಾರೆ. ದಿಗ್ಬಂಧನಕ್ಕೂ ಇದೇ ಗತಿ: ದಿ-ಗ್ಬಂ-ಧ-ನ, ನಾಲ್ಕೇ. ಬ್ರೇಕ್‌ನಂತೆ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಯ ‘ಕ್’ಗೆ ಮಾತ್ರ ಸ್ವಂತ ಮನೆ ಬೇಕಾಗುತ್ತದೆ. ಅದಕ್ಕೇ ರಚಿಸುವವರು ಹೆಚ್ಚಾಗಿ ‘ಬ್ರೇಕು’ ಎಂದು ಸ್ವರ ಸೇರಿಸಿ ಬಳಸುತ್ತಾರೆ. ಎರಡಕ್ಕೂ ಮನೆ ಎರಡೇ.

ಅಡ್ಡಪದದೊಂದಿಗೆ ಹಂಚಿಕೊಳ್ಳುವ ಅಕ್ಷರವೂ ಪೂರ್ತಿ ಹೊಂದಬೇಕು. ಮೇಲಿನಿಂದ ಇಳಿದ ಪದ ‘ಅ’ ಕೊಟ್ಟಿದ್ದರೆ ಅಲ್ಲಿ ಅಂಕುಶವಾಗಲಿ ಅಂಕೆಯಾಗಲಿ ಕೂರದು, ‘ಅಂ’ ಬೇಕು. ಇದನ್ನೇ ಹಿಂದಿನಿಂದಲೂ ಬಳಸಬಹುದು. ‘ರ್ಬಂ’ ಎಂಬ ಅಕ್ಷರ ಇರುವ ಇನ್ನೊಂದು ಪದ ಹುಡುಕುವುದು ಚೌಕ ಕಟ್ಟುವವರಿಗೇ ಕಷ್ಟ. ಆದ್ದರಿಂದ ನಡುಮನೆಗೆ ಅಡ್ಡಪದ ಇದೆ ಎಂದು ಕಂಡರೆ ನಿರ್ಬಂಧವನ್ನು ಪಟ್ಟಿಯ ಕೊನೆಗೆ ತಳ್ಳಿ. ಆ ಮನೆ ಯಾವುದಕ್ಕೂ ತಾಗದೆ ಒಂಟಿಯಾಗಿದ್ದರೆ ಅದನ್ನೇ ಮೊದಲು ಪರೀಕ್ಷಿಸಿ. ಒತ್ತಿನ ಮೇಲೆ ಸೊನ್ನೆ ಇರುವ ಎಲ್ಲ ಪದಗಳಿಗೂ ಈ ಲೆಕ್ಕ ನಡೆಯುತ್ತದೆ.

ಇನ್ನು ಅರ್ಥದ ಕಡೆಗೆ. ‘ನಿಯಂತ್ರಣಕ್ಕೆ ಇನ್ನೊಂದು ಪದ ಯಾವುದು’ ಎಂದು ಕೇಳಿಕೊಂಡರೆ ತಲೆಯಲ್ಲಿ ಇಪ್ಪತ್ತು ಪದ ಗಿರಕಿ ಹೊಡೆಯುತ್ತವೆ. ಅದರ ಬದಲು ‘ಯಾರು, ಯಾರನ್ನು, ಯಾವುದರಿಂದ ತಡೆಯುತ್ತಿದ್ದಾರೆ’ ಎಂದು ಕೇಳಿಕೊಳ್ಳಿ. ಸುಳಿವಿನಲ್ಲಿ ಪ್ರಾಣಿಯ ನೆರಳು ಸ್ವಲ್ಪ ಕಂಡರೂ ಉತ್ತರ ಬಹುಮಟ್ಟಿಗೆ ಒಂದು ಸಾಧನ, ಮುಟ್ಟಿ ನೋಡಬಹುದಾದ ವಸ್ತು.

ಕುದುರೆ ಬಂದರೆ ವಾಘೆ (2), ಲಗಾಮು (3), ಖಲೀನ (3), ಕಡಿವಾಣ (4). ಕಟ್ಟುನಿಟ್ಟಾಗಿ ಹೇಳುವುದಾದರೆ ಕಡಿವಾಣ ಮತ್ತು ಖಲೀನ ಕುದುರೆಯ ಬಾಯೊಳಗಿನ ಲೋಹದ ತುಂಡು, ವಾಘೆ ಸವಾರನ ಕೈಯಲ್ಲಿರುವ ಪಟ್ಟಿ, ಲಗಾಮು ಎರಡಕ್ಕೂ ಸಲ್ಲುವ ಹೆಸರು. ಸುಳಿವಿನಲ್ಲಿ ‘ಬಾಯಿ’ ಇದೆಯೋ ‘ಕೈ’ ಇದೆಯೋ ನೋಡಿ. ಕಡಿವಾಣದ ಮೊದಲೆರಡು ಅಕ್ಷರ ‘ಕಡಿ’ ಎಂಬುದನ್ನು ನೆನಪಿಟ್ಟರೆ ಬಾಯಿಯ ಸಂಬಂಧ ಮರೆಯುವುದಿಲ್ಲ. ಚಾವಟಿಯನ್ನು ಈ ಗುಂಪಿಗೆ ಸೇರಿಸಬೇಡಿ, ಅದು ಓಡಿಸುವುದು. ಜೀನು ಕೂರಲು, ರಿಕಾಪು ಕಾಲಿಡಲು ಇರುವಂಥವು. ಹೀಗಿದ್ದರೂ ‘ಕುದುರೆಗೆ ಬೇಕಾದದ್ದು’ ಎಂಬ ಸಡಿಲ ಸುಳಿವಿಗೆ ಇವೂ ಬರಬಹುದು.

ಆನೆಯಾದರೆ ಅಂಕುಶ (3). ಎರಡೇ ಮನೆ ಇದ್ದರೆ ಅದೇ ಅಂಕುಶದ ಇನ್ನೊಂದು ಹೆಸರು, ಸೃಣಿ. ಆನೆ ಕಟ್ಟುವ ಕಂಬ ಆಲಾನ (3). ಇಲ್ಲಿ ಕ್ರಿಯಾಪದದ ಬಾಲ ಮುಖ್ಯ. ‘ಆನೆಯನ್ನು ಅಂಕೆಯಲ್ಲಿಡುವುದು (3)’ ಎಂದರೆ ಅಂಕುಶ, ‘ಅಂಕೆಯಲ್ಲಿಡುವವನು (3)’ ಎಂದರೆ ಮಾವುತ. ‘-ವುದು’ ಎಂಬಲ್ಲಿ ‘-ವವನು’ ಎಂದು ಓದಿಕೊಂಡು ಇಡೀ ಮೂಲೆಯನ್ನು ಕೆಡಿಸಿಕೊಳ್ಳುವುದು ಬಲು ಸಾಮಾನ್ಯ. ಎತ್ತು, ಹಸು, ಕರುವಿನ ಸುಳಿವಿಗೆ ನೊಗ, ಗೂಟ, ಕಣ್ಣಿ ಎರಡಕ್ಷರದವು, ಮೂಗುದಾರ ನಾಲ್ಕಕ್ಷರದ್ದು. ಕಣ್ಣಿ ಎಂದರೆ ದನ ಕಟ್ಟುವ ಹಗ್ಗ. ‘ಮೀನಿನಂಥ ಕಣ್ಣುಳ್ಳವಳು’ ಎನ್ನುವಲ್ಲಿ ಬರುವ ಕಣ್ಣಿಯೂ ಇದೇ ರೂಪ, ಒಗಟು ಕಟ್ಟುವವರಿಗೆ ಇದು ಬಲು ಪ್ರಿಯ.

ಮನುಷ್ಯನ ಕೈಕಾಲಿಗೆ ಬಂದರೆ ಕೋಳ, ಬೇಡಿ, ಸೆರೆ (2), ಕೈಕೋಳ, ಸಂಕೋಲೆ, ಶೃಂಖಲೆ, ನಿಗಳ (3), ಸರಪಳಿ (4). ನೀರಿಗೆ ಬಂದರೆ ಒಡ್ಡು, ಕಟ್ಟೆ, ಏರಿ, ತೂಬು (2), ಅಣೆಕಟ್ಟು (4). ಹಡಗಿಗೆ ಲಂಗರು, ಚುಕ್ಕಾಣಿ ಎರಡೂ ಮೂರಕ್ಷರದವು. ನಿಲ್ಲಿಸುವುದು ಲಂಗರು, ತಿರುಗಿಸುವುದು ಚುಕ್ಕಾಣಿ. ಬಾಗಿಲಿಗೆ ಬೀಗ (2), ಅಗುಳಿ, ಚಿಲಕ, ಅರ್ಗಳ (3). ಆಡಳಿತದ ಮಾತಾದರೆ ಹುಕುಂ, ತಾಬೆ (2), ಅಮಲು (3), ಪಾರುಪತ್ಯ, ಬಂದೋಬಸ್ತು, ಹದ್ದುಬಸ್ತು (4).

ಸಾಧನವಲ್ಲ, ಮನಸ್ಸಿನ ಮಾತು ಎಂದು ಗೊತ್ತಾದ ಕೂಡಲೇ ಸಂಸ್ಕೃತದ ಕಡೆ ತಿರುಗಿ. ಇಲ್ಲಿ ಒಂದೊಂದು ಪದ ಬಾಯಿಪಾಠ ಮಾಡುವುದಕ್ಕಿಂತ ಧಾತು ಹಿಡಿಯುವುದು ಲಾಭ. ತಡೆಹಿಡಿಯುವ ಅರ್ಥದ ‘ಯಮ್’ ಎಂಬ ಒಂದೇ ಬೇರಿನಿಂದ ಯಮ, ನಿಯಮ, ಸಂಯಮ, ಸಂಯಮಿ, ನಿಯತ, ನಿಯಾಮಕ, ನಿಯಂತ್ರಣ, ಪ್ರಾಣಾಯಾಮ ಎಲ್ಲ ಚಿಗುರಿವೆ. ‘ಬಂಧ್’ನಿಂದ ಬಂಧನ, ನಿರ್ಬಂಧ, ಪ್ರತಿಬಂಧ, ನಿಬಂಧನೆ (ನಮ್ಮ ಪದಬಂಧವೂ ಅದೇ ಮನೆತನದ್ದು). ‘ರುಧ್’ನಿಂದ ನಿರೋಧ, ಅವರೋಧ, ಪ್ರತಿರೋಧ. ‘ದಮ್’ನಿಂದ ದಮ, ದಮನ, ದಾಂತ, ಅದಮ್ಯ. ‘ಗ್ರಹ್’ನಿಂದ ನಿಗ್ರಹ. ಅದರ ಎದುರಿಗೆ ಅನುಗ್ರಹ ನಿಲ್ಲುವುದರಿಂದ ‘ಅನುಗ್ರಹವಲ್ಲ (3)’ ಎಂಬ ಸುಳಿವು ಆಗಾಗ ಕಾಣುತ್ತದೆ. ಮನೆಗಳಲ್ಲಿ ‘ಯ’ ಮತ್ತು ‘ಮ’ ಅಕ್ಕಪಕ್ಕ ಬಿದ್ದರೆ ಮೊದಲ ಬೇರನ್ನು, ‘ಬಂ’ ಬಿದ್ದರೆ ಎರಡನೆಯದನ್ನು ಕೆದಕಿ.

ಯೋಗ, ವೇದಾಂತದ ಸುಳಿವುಗಳಲ್ಲಿ ಸಡಿಲಕ್ಕೆ ಜಾಗವಿಲ್ಲ, ಅಲ್ಲಿ ಪ್ರತಿ ಪದಕ್ಕೂ ನಿಶ್ಚಿತ ಅರ್ಥ ಇದೆ. ಒಳಗಿನ ಇಂದ್ರಿಯವಾದ ಮನಸ್ಸಿನ ನಿಗ್ರಹ ಶಮ, ಹೊರಗಿನ ಇಂದ್ರಿಯಗಳ ನಿಗ್ರಹ ದಮ. ಅಷ್ಟಾಂಗ ಯೋಗದ ಮೊದಲ ಅಂಗ ಯಮ. ಮೂರೂ ಎರಡಕ್ಷರ, ಮೂರರ ಕೊನೆಗೂ ‘ಮ’! ಅಡ್ಡಪದದಿಂದ ಬರೀ ‘ಮ’ ಸಿಕ್ಕಿದರೆ ಏನೂ ಸಿಕ್ಕಂತಲ್ಲ, ಇಲ್ಲಿ ಮೊದಲ ಮನೆಯೇ ಬೇಕು. ಉಸಿರಿನ ನಿಯಂತ್ರಣ ಪ್ರಾಣಾಯಾಮ, ಇಂದ್ರಿಯಗಳನ್ನು ವಿಷಯಗಳಿಂದ ಹಿಂದಕ್ಕೆಳೆಯುವುದು ಪ್ರತ್ಯಾಹಾರ. ಎರಡಕ್ಕೂ ನಾಲ್ಕು ಮನೆ, ಆದರೆ ಒಂದು ‘ಪ್ರಾ’ದಿಂದ, ಇನ್ನೊಂದು ‘ಪ್ರ’ದಿಂದ ಶುರು. ಚಳಿ ಬಿಸಿಲು, ಸುಖ ದುಃಖ ಸಹಿಸಿಕೊಳ್ಳುವುದು ತಿತಿಕ್ಷೆ (3). ಇಂದ್ರಿಯಗಳನ್ನು ಗೆದ್ದವನು ಜಿತೇಂದ್ರಿಯ (4), ದಾಂತ (2). ಈ ಕೊನೆಯದನ್ನು ಮುದ್ರಣದ ತಪ್ಪು, ‘ದಂತ’ ಇರಬೇಕು ಎಂದು ತಿದ್ದಿಬಿಡುವವರಿದ್ದಾರೆ.

ವಿರುದ್ಧಾರ್ಥದ ಸುಳಿವಿನಲ್ಲಿ ಸಾಧನದ ಹೆಸರೇ ಉತ್ತರದೊಳಗೆ ಅಡಗಿರುತ್ತದೆ. ಅಂಕುಶ ಇಲ್ಲದ್ದು ನಿರಂಕುಶ, ಶೃಂಖಲೆ ಹರಿದದ್ದು ಉಚ್ಛೃಂಖಲ, ಅರ್ಗಳ ಎಂದರೆ ಅಗುಳಿ ಇಲ್ಲದ್ದು ನಿರರ್ಗಳ. ಮೂರಕ್ಕೂ ನಾಲ್ಕು ಮನೆ. ‘ತಡೆಯಿಲ್ಲದ ಮಾತು’ ಎಂದರೆ ನಿರರ್ಗಳ, ‘ತಡೆಯಿಲ್ಲದ ಆಳ್ವಿಕೆ’ ಎಂದರೆ ನಿರಂಕುಶ. ಮಾತೋ ಆಳ್ವಿಕೆಯೋ ಎಂಬ ಒಂದು ಪದದ ಮೇಲೆ ಎಲ್ಲ ನಿಂತಿದೆ.

ವ್ಯಾಕರಣದ ಬಗ್ಗೆ ಒಂದೇ ನಿಯಮ: ಸುಳಿವು ಯಾವ ರೂಪದಲ್ಲಿದೆಯೋ ಉತ್ತರವೂ ಆ ರೂಪದಲ್ಲಿರಬೇಕು. ‘ಅಂಕೆಯಲ್ಲಿಡು’ ಎಂದರೆ ಅದುಮು, ಹತ್ತಿಕ್ಕು, ಮಣಿಸು (3), ನಿಗ್ರಹಿಸು, ಪಳಗಿಸು, ಅಡಗಿಸು (4). ‘ಅಂಕೆಗೆ ಬಂದ’ ಎಂದರೆ ಮಣಿದ (3), ಪಳಗಿದ (4). ಇಲ್ಲಿ ಮೋಸ ಮಾಡುವುದು ಅಚ್ಚಕನ್ನಡದ ಎರಡಕ್ಷರದ ಪದಗಳು. ತಡೆ, ಕಟ್ಟು, ಹಿಡಿ, ಒಡ್ಡು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಹಾಗಾಗಿ ‘ನಿಲ್ಲಿಸು (2)’, ‘ಅಡ್ಡಿ (2)’ ಎರಡಕ್ಕೂ ತಡೆ ಎಂದೇ ಉತ್ತರ ಬರಬಹುದು.

ಒಗಟಿನಂಥ ಸುಳಿವುಗಳಲ್ಲಿ ಈ ಅರ್ಥದ ಪದಗಳಿಗೆ ಸರಿಸಾಟಿಯಿಲ್ಲ, ಏಕೆಂದರೆ ಬಹುಪಾಲು ಪದಗಳಿಗೆ ಎರಡು ಮುಖ. ಅಂಕೆ ಲೆಕ್ಕದ್ದೂ ಹೌದು, ಹತೋಟಿಯದ್ದೂ ಹೌದು: ‘ಗಣಿತಕ್ಕೂ ಬೇಕು, ಮಕ್ಕಳಿಗೂ ಬೇಕು (2)’. ಹದ್ದು ಹಕ್ಕಿಯೂ ಹೌದು, ಮೇರೆಯೂ ಹೌದು: ‘ಹಾರುವ ಎಲ್ಲೆ (2)’. ಬೇಡಿ ಎಂಬುದು ‘ಬೇಡು’ವಿನಿಂದಲೂ ಬರುತ್ತದೆ: ‘ಯಾಚಿಸಿ ತೊಡಿಸಿಕೊಂಡ ಸಂಕೋಲೆ (2)’. ಅಮಲು ಆಡಳಿತವೂ ಹೌದು, ನಶೆಯೂ ಹೌದು: ‘ತಲೆಗೇರಿದ ಅಧಿಕಾರ (3)’. ಸೆರೆ ಎಂದರೆ ಬಂಧನ, ಹೆಂಡ, ಗಂಟಲ ನರ, ಮೂರೂ. ಹಿಡಿ ಎಂದರೆ ಮುಷ್ಟಿ, ಆಯುಧದ ಹಿಡಿಕೆ, ಹೆಣ್ಣಾನೆ ಕೂಡ. ‘ಬಿಡಬೇಡ ಹೆಣ್ಣಾನೆಯನ್ನು (2)’ ಎಂದು ಬಂದರೆ ಬೆದರಬೇಡಿ. ಇಂಥ ಸುಳಿವಿನಲ್ಲಿ ವಾಕ್ಯದ ಒಟ್ಟು ಚಿತ್ರವನ್ನು ಮರೆತು, ಎರಡು ತುಂಡು ಮಾಡಿ, ಎರಡಕ್ಕೂ ಹೊಂದುವ ಒಂದೇ ಪದ ಹುಡುಕಬೇಕು. ಎಲ್ಲಿ ತುಂಡು ಮಾಡುವುದು ಎಂದು ತಿಳಿಯದಿದ್ದರೆ ಮೊದಲ ಪದದ ನಂತರ ಒಮ್ಮೆ, ಕೊನೆಯ ಪದದ ಮೊದಲು ಒಮ್ಮೆ ಕತ್ತರಿಸಿ ನೋಡಿ, ಬಹುತೇಕ ಸಾಕಾಗುತ್ತದೆ.

ತಿರುಗಿಸುವ ಸುಳಿವಿನಲ್ಲಿ ‘ತಿರುಗಿ’, ‘ಹಿಂದುಮುಂದಾಗಿ’, ‘ಮಗುಚಿ’, ‘ಕೆಳಗಿನಿಂದ’ ಎಂಬ ಸನ್ನೆ ಇರುತ್ತದೆ. ಅಕ್ಷರವನ್ನು ಇಡಿಯಾಗಿ ತಿರುಗಿಸಬೇಕು, ಗುಣಿತ ಅದರ ಜೊತೆಗೇ ಹೋಗುತ್ತದೆ. ಪಾಶ ತಿರುಗಿದರೆ ‘ಶಪಾ’ ಆಗುತ್ತದೆ, ಶಾಪ ಆಗುವುದಿಲ್ಲ. ಹೀಗಾಗಿ ಗುಣಿತವಿಲ್ಲದ ಪದಗಳೇ ತಿರುಗಿಸಲು ಹದವಾಗಿರುತ್ತವೆ, ಮತ್ತು ಈ ವಿಷಯದಲ್ಲಿ ಅಂಥ ಮೂರು ರತ್ನಗಳಿವೆ. ‘ಸೊಕ್ಕು ತಿರುಗಿಬಿದ್ದರೆ ಇಂದ್ರಿಯನಿಗ್ರಹ (2)’: ಮದ ತಿರುಗಿ ದಮ. ‘ಹೆಣ ಮಗುಚಿದರೆ ಕೈಸೇರಿತು (2)’: ಶವ ಮಗುಚಿ ವಶ. ‘ಅಸುರಶಿಲ್ಪಿ ಹಿಂದುಮುಂದಾಗಿ ಯೋಗದ ಮೊದಲ ಮೆಟ್ಟಿಲೇರಿದ (2)’: ಮಯ ಹೋಗಿ ಯಮ. ಅರಿಷಡ್ವರ್ಗದಲ್ಲಿ ಒಂದಾದ ಮದವನ್ನು ತಿರುಗಿಸಿದರೆ ಅದರ ಮದ್ದೇ ಸಿಗುವುದು ಭಾಷೆ ತಾನಾಗಿ ಕೊಟ್ಟ ಉಡುಗೊರೆ. ಯಾವ ರಚನೆಕಾರರೂ ಅದನ್ನು ಬಿಡುವುದಿಲ್ಲ.

ಜೋಡಿಸುವ ಸುಳಿವಿನಲ್ಲಿ ‘ಮೊದಲು’, ‘ತಲೆ’, ‘ಆರಂಭ’ ಎಂಬ ಮಾತು ಬಂದರೆ ಪಕ್ಕದ ಪದದ ಮೊದಲಕ್ಷರ ತೆಗೆದುಕೊಳ್ಳಿ. ‘ಸಂಜೆಯ ಮೊದಲಿಗೆ ಕಾಲ ಬಂದರೆ ಮನಸ್ಸಿನ ಹಿಡಿತ (3)’. ಸಂಜೆಯ ಮೊದಲು ‘ಸಂ’. ಕಾಲ ಎಂದರೆ ಹೊತ್ತು ಎಂದು ಓದುಗ ಜಾರಲಿ ಎಂದೇ ಅದನ್ನಿಟ್ಟಿರುವುದು, ಅದು ಯಮನ ಹೆಸರು. ಸಂಯಮ ಸಿಕ್ಕಿತು. ‘ಅಂಗಳದ ತಲೆಯಲ್ಲಿ ಲವನ ಸೋದರ, ಆನೆ ಬಗ್ಗಿತು (3)’: ಅಂ, ಕುಶ, ಅಂಕುಶ. ‘ಬಿಗಿದವನ ಸ್ಥಿತಿ ಸಮಾಜದ ನಿಯಮ (4)’: ಕಟ್ಟು ಮತ್ತು ಪಾಡು ಸೇರಿ ಕಟ್ಟುಪಾಡು. ಈ ಕೊನೆಯ ಸುಳಿವಿನಲ್ಲಿ ಬಿಗಿ ಕಡಿಮೆ. ‘ಬಿಗಿದವನ’ ಎಂಬುದರಿಂದ ‘ಕಟ್ಟು’ ನೇರವಾಗಿ ಹುಟ್ಟುವುದಿಲ್ಲ. ಪತ್ರಿಕೆಗಳ ಪದಬಂಧದಲ್ಲಿ ಇಷ್ಟು ಸಡಿಲ ಸಿಗುತ್ತದೆ, ಬಿಡಿಸುವವರು ಅದಕ್ಕೆ ಸಿದ್ಧವಾಗಿರಬೇಕು.

ಅಡಗಿಸಿಡುವ ಸುಳಿವು ಎಲ್ಲಕ್ಕಿಂತ ಸುಲಭ, ಆದರೂ ಎಲ್ಲರೂ ತಡವಾಗಿ ಕಾಣುವುದು ಅದನ್ನೇ. ‘ಹನಿಗಳಲ್ಲಿ ಅಡಗಿದ ಸಂಕೋಲೆ (3)’ ಎಂಬುದನ್ನು ಅಕ್ಷರ ಬಿಡಿಸಿ ಬರೆಯಿರಿ: ಹ-ನಿ-ಗ-ಳ-ಲ್ಲಿ. ನಡುವೆ ನಿಗಳ ಕೂತಿದೆ. ‘ಧ್ವನಿಗಳ’, ‘ದನಿಗಳ’ ಎಂದು ‘ನಿ’ಯಲ್ಲಿ ಮುಗಿಯುವ ಯಾವ ಪದದ ಬಹುವಚನಕ್ಕೆ ಷಷ್ಠಿ ಹಚ್ಚಿದರೂ ನಿಗಳ ಹುಟ್ಟುವುದರಿಂದ, ಸುಳಿವಿನಲ್ಲಿ ‘-ನಿಗಳ’ ಕಂಡರೆ ಒಮ್ಮೆ ನಿಂತು ನೋಡಿ. ‘ಪರವಶ’ದೊಳಗಿನ ವಶಕ್ಕೂ ಇದೇ ಮಾತು.

ಕಾಗುಣಿತದ ಎಡವಟ್ಟು ಬೇರೆಯೇ ಕಥೆ. ಸೆರೆಸಿಕ್ಕವನು ಬಂದಿ, ಅಲ್ಪಪ್ರಾಣ. ಬಂಧನಕ್ಕೆ ಮಹಾಪ್ರಾಣ ಇದೆಯೆಂದು ‘ಬಂಧಿ’ ಎಂದು ಬರೆದರೆ ಅಡ್ಡಪದ ಕೂರುವುದಿಲ್ಲ. ನಿಷೇಧ, ನಿರೋಧ, ನಿರ್ಬಂಧ, ಅಧೀನ ನಾಲ್ಕಕ್ಕೂ ‘ಧ’ಕಾರ ಬೇಕು. ಸರಪಳಿ–ಸರಪಣಿ, ಸಂಕೋಲೆ–ಸಂಕಲೆ, ವಾಘೆ–ವಾಗೆ ಜೋಡಿಗಳಲ್ಲಿ ಎರಡು ರೂಪವೂ ಬಳಕೆಯಲ್ಲಿವೆ. ಹೀಗಿರುವ ಪದ ಹೊಳೆದಾಗ ಬದಲಾಗುವ ಆ ಒಂದು ಮನೆಯನ್ನು ಮಾತ್ರ ಖಾಲಿ ಬಿಟ್ಟು ಉಳಿದದ್ದನ್ನು ತುಂಬಿ. ಸರಪಳಿಯಲ್ಲಿ ಅದು ನಾಲ್ಕನೆಯ ಮನೆ, ಸಂಕೋಲೆಯಲ್ಲಿ ನಡುಮನೆ, ವಾಘೆಯಲ್ಲಿ ಎರಡನೆಯದು. ನಾನು ಹೇಳಿದ ರೂಪವೇ ಸರಿ ಎಂದು ಹಟ ಹಿಡಿದರೆ ಸರಿಯಾದ ಅಡ್ಡಪದವನ್ನೇ ಅಳಿಸುವ ಪ್ರಸಂಗ ಬರುತ್ತದೆ.

ನುಡಿಗಟ್ಟಿನ ಖಾಲಿ ಜಾಗದ ಸುಳಿವುಗಳಿಗೆ ಹೆಚ್ಚು ಹೇಳಬೇಕಿಲ್ಲ. ‘ಬಾಯಿಗೆ ___ (2)’ ಬೀಗ, ‘ಲಂಗು ___ ಇಲ್ಲದ (3)’ ಲಗಾಮು, ‘___ ಮೀರಿದ ವರ್ತನೆ (2)’ ಹದ್ದು ಅಥವಾ ಮಿತಿ ಅಥವಾ ಎಲ್ಲೆ. ಬಾಯಲ್ಲಿ ಹೇಳಿಕೊಂಡರೆ ಕಿವಿಯೇ ಉತ್ತರ ಕೊಡುತ್ತದೆ. ಕಿವಿ ಮೂರು ಉತ್ತರ ಕೊಟ್ಟರೆ ಮತ್ತೆ ಅಡ್ಡಪದ.

ನಿಮ್ಮ ‘ಹಿಡಿತ (3)’ಕ್ಕೆ ವಾಪಸಾಗೋಣ. ಸುಳಿವಿನ ಪಕ್ಕದಲ್ಲಿ ಹತೋಟಿ, ಲಗಾಮು, ಸಂಯಮ, ನಿಗ್ರಹ ಎಂದು ಸಣ್ಣದಾಗಿ ಬರೆದು, ಚೌಕವನ್ನು ಮುಟ್ಟದೆ ಮುಂದೆ ಹೋಗಿ. ನಡುಮನೆಗೆ ಇಳಿಯುವ ಪದ ‘ಗಾ’ ತಂದಿತು ಎಂದಾದರೆ ಲಗಾಮು ಬಿಟ್ಟು ಬೇರೆಲ್ಲ ಹೊಡೆದುಹಾಕಿ. ‘ಯ’ ಬಂದರೆ ಸಂಯಮ ಎಂದು ತಕ್ಷಣ ತುಂಬಬೇಡಿ, ನಿಯಮದ ನಡುವೆಯೂ ಅದೇ ‘ಯ’, ಕೊನೆಗೂ ಅದೇ ‘ಮ’. ಅಲ್ಲಿ ಮಾತ್ರ ಮೊದಲ ಮನೆ ಸಿಗುವ ತನಕ ಕಾಯಬೇಕು. ನಡುಮನೆಗೆ ಅಡ್ಡಪದವೇ ಇಲ್ಲ, ಒಂದು ಮತ್ತು ಮೂರನೆಯ ಮನೆಗಳಿಗೆ ಮಾತ್ರ ಇದೆ ಎಂದಾದರೆ ಎರಡನ್ನೂ ಬಿಡಿಸಿಯೇ ಇಲ್ಲಿಗೆ ಬನ್ನಿ. ಅವು ‘ನಿ’ ಮತ್ತು ‘ಧ’ ಆಗಿಬಿಟ್ಟರೆ ನಿರೋಧ, ನಿಷೇಧ, ನಿರ್ಬಂಧ ಮೂರೂ ಹೊಂದುತ್ತವೆ. ಆಗ ಸುಳಿವನ್ನು ಮತ್ತೆ ಓದಿ: ಕೂಡದು ಎಂಬ ಅರ್ಥವಿದ್ದರೆ ನಿಷೇಧ, ಇಷ್ಟೇ ಎಂಬ ಅರ್ಥವಿದ್ದರೆ ನಿರ್ಬಂಧ, ಹರಿಯುವುದನ್ನು ನಿಲ್ಲಿಸುವ ಅರ್ಥವಿದ್ದರೆ ನಿರೋಧ.